ಮರಿ ತಂದುಕೊಟ್ಟರೆ ಸಾಲದು, ಗುಂಪಿಗೆ ಸೇರಿಸುವ ಹೊಣೆಯೂ ಇದೆ

ಮೇ ತಿಂಗಳ ರಜೆಯಲ್ಲಿ ಮುಂಬಯಿಯಿಂದ ಕರಾವಳಿಯ ಹುಟ್ಟೂರಿಗೆ ತೆರಳುವ ತುಳು-ಕನ್ನಡಿಗರಲ್ಲಿ ಕೆಲವರಿಗೆ ಒಂದು ಉತ್ಸಾಹ ಮೂಡುವುದುಂಟು. ಹಿತ್ತಲಲ್ಲಿ ತಾಯಿ ಸಾಕುತ್ತಿರುವ ಏಳೆಂಟು ಊರ ಕೋಳಿಗಳ ಜೊತೆಗೆ ಇನ್ನೊಂದಿಪ್ಪತ್ತು ಮರಿಗಳಿದ್ದರೆ ಮೊಟ್ಟೆಗೂ ಆಯಿತು, ಹಿರಿಯ ಜೀವಕ್ಕೆ ಹೊತ್ತೂ ಹೋಯಿತು ಎಂಬ ಲೆಕ್ಕಾಚಾರ. ಪೇಟೆಯಿಂದ ಗಿರಿರಾಜ ಮರಿಗಳ ಪೆಟ್ಟಿಗೆ ಬರುತ್ತದೆ. ಅಂದೇ ಅಂಗಳಕ್ಕೆ ಬಿಡಲಾಗುತ್ತದೆ. ವಾರ ಕಳೆಯುವುದರೊಳಗೆ ತಂದವರು ಮತ್ಸ್ಯಗಂಧ ರೈಲು ಹತ್ತಿರುತ್ತಾರೆ. ಆಮೇಲೆ ಊರಿನಿಂದ ಬರುವ ಫೋನಿನಲ್ಲಿ ಇಂದು ಎರಡು ಸತ್ತವು, ನಿನ್ನೆ ಮೂರು ಎಂಬ ಸುದ್ದಿ.

ಉದ್ದೇಶ ಒಳ್ಳೆಯದೇ. ಆದರೆ ಕೋಳಿ ಸಾಕುವುದರಲ್ಲಿ ಏನಿದೆ, ಅಜ್ಜಿಯಂದಿರು ಯಾವ ಪಾಠ ಕಲಿತು ಸಾಕಿದ್ದರು ಎಂಬ ಮಾತು ಇಲ್ಲಿ ಸಲ್ಲುವುದಿಲ್ಲ. ಅಜ್ಜಿಯ ಕಾಲದಲ್ಲಿ ಮರಿ ಸಾಕುತ್ತಿದ್ದುದು ಅಜ್ಜಿಯಲ್ಲ, ಹೇಂಟೆ. ರೆಕ್ಕೆಯಡಿಯ ಬಿಸಿ ಕೊಡುತ್ತಿದ್ದುದು, ಕೆದಕಿ ತಿನ್ನಲು ಕಲಿಸುತ್ತಿದ್ದುದು, ಗಿಡುಗ ಕಂಡಾಗ ಕೂಗಿ ಕರೆಯುತ್ತಿದ್ದುದು, ಬೇರೆ ಕೋಳಿ ಕುಕ್ಕಲು ಬಂದರೆ ಹಾರಿಬೀಳುತ್ತಿದ್ದುದು ಎಲ್ಲವೂ ಅದೇ. ಪೆಟ್ಟಿಗೆಯಲ್ಲಿ ಬಂದ ಮರಿಗೆ ತಾಯಿಯಿಲ್ಲ. ಆ ಕೆಲಸವನ್ನೆಲ್ಲ ಮನುಷ್ಯರೇ ಮಾಡಬೇಕು. ತಂದವರು ಮುಂಬಯಿಗೆ ಮರಳಿದರೆ ಅದು ಬೀಳುವುದು ಮೊಣಕಾಲು ನೋವಿನ ಎಪ್ಪತ್ತರ ಮುದುಕಿಯ ಮೇಲೆ.

ಆ ಕೆಲಸ ಸಣ್ಣದಲ್ಲ. ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಬಲ್ಬಿನ ಕೆಳಗೆ ಮರಿಗಳು ಒಂದರ ಮೇಲೊಂದು ಮುದ್ದೆಯಾದರೆ ಚಳಿ ಎಂದರ್ಥ, ಬಾಯಿ ತೆರೆದು ದೂರ ಸರಿದರೆ ಸೆಕೆ. ರಾತ್ರಿ ಕರೆಂಟು ಹೋದರೆ ಎದ್ದು ನೋಡಬೇಕು. ಅಂಗಳಕ್ಕೆ ಚೆಲ್ಲುವ ಅಕ್ಕಿ ಹಳೆಯ ಕೋಳಿಗೆ ಸಾಕಾದೀತು. ಎರಡು ತಿಂಗಳು ತುಂಬದ ಮರಿಗೆ ಮರಿಗಳಿಗೆಂದೇ ಸಿಗುವ ಪುಡಿ ಆಹಾರ ಬೇಕು.

ಮೇ ತಿಂಗಳ ಖರೀದಿಯ ದೊಡ್ಡ ದೋಷ ಮಳೆ. ಮರಿಗಳಿಗೆ ಎರಡು ಮೂರು ವಾರವಾಗುವಷ್ಟರಲ್ಲಿ ಕರಾವಳಿಯಲ್ಲಿ ಮುಂಗಾರು ಹಿಡಿಯುತ್ತದೆ. ಹಾಸಿದ ಭತ್ತದ ಹೊಟ್ಟು ಒದ್ದೆಯಾಯಿತೆಂದರೆ ರಕ್ತಭೇದಿ ಕಾಯಿಲೆಗೆ ಆಹ್ವಾನ ಕೊಟ್ಟಂತೆ. ದೊಡ್ಡ ಕೋಳಿಗಳು ಈ ಕಾಯಿಲೆಯ ಸೂಕ್ಷ್ಮಜೀವಿಯನ್ನು ಹೊತ್ತೂ ಆರೋಗ್ಯವಾಗಿ ಓಡಾಡುತ್ತವೆ. ಮರಿಗಳಿಗೆ ಆ ಶಕ್ತಿ ಇರುವುದಿಲ್ಲ. ಹಾಗೆಯೇ ಹೊರಗಿನಿಂದ ಬಂದ ಮರಿಗಳು ರಾಣಿಖೇತ್ ಅಥವಾ ಕೊಕ್ಕರೆ ರೋಗವನ್ನು ತಂದರೆ ಲಸಿಕೆಯನ್ನೇ ಕಾಣದ ಹಳೆಯ ಗುಂಪು ನಾಲ್ಕೇ ದಿನದಲ್ಲಿ ಖಾಲಿಯಾಗಬಹುದು. ಇಪ್ಪತ್ತು ಮರಿಗಳ ಆಸೆಗೆ ವರ್ಷಗಳಿಂದ ಸಾಕಿದ ಎಂಟು ಕೋಳಿಗಳೂ ಹೋದರೆ ಆ ನಷ್ಟವನ್ನು ಮುಂಬಯಿಯಿಂದ ಕಳುಹಿಸುವ ಹಣ ತುಂಬಲಾರದು.

ಇನ್ನು ಗುಂಪಿಗೆ ಸೇರಿಸುವ ವಿಚಾರ. ಕೋಳಿಗಳಲ್ಲಿ ಯಾರು ಮೊದಲು ತಿನ್ನಬೇಕು, ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲು-ಕೀಳಿನ ಸಾಲು ಇರುತ್ತದೆ. ನಾರ್ವೆಯ ಶೆಲ್ಡರುಪ್-ಎಬ್ಬೆ ಎಂಬ ವಿಜ್ಞಾನಿ 1920ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಹೊಸಬರು ಬಂದಾಗ ಈ ಸಾಲು ಮತ್ತೆ ನಿರ್ಧಾರವಾಗಬೇಕಾಗುತ್ತದೆ. ಅಂಗೈಯಗಲದ ಮರಿಗೆ ಅದು ಸಾವಿನ ಪರೀಕ್ಷೆ. ಆದ್ದರಿಂದ ಮರಿಗಳು ಹಳೆಯ ಹೇಂಟೆಗಳ ಗಾತ್ರಕ್ಕೆ ಸಮೀಪಿಸುವವರೆಗೆ, ಅಂದರೆ ಎಂಟು ಹತ್ತು ವಾರ, ಬೇರೆಯೇ ಇರಬೇಕು. ಅನಂತರವೂ ಒಂದೆರಡು ವಾರ ನಡುವೆ ತಂತಿಬಲೆ ಇಟ್ಟು, ಪರಸ್ಪರ ನೋಡಲು ಮಾತ್ರ ಬಿಡಬೇಕು. ಸೇರಿಸುವಾಗ ಒಂದೊಂದಾಗಿ ಅಲ್ಲ, ಎಲ್ಲವನ್ನೂ ಒಟ್ಟಿಗೆ ಬಿಡಬೇಕು. ನೀರು, ಆಹಾರ ಎರಡು ಮೂರು ಕಡೆ ಇಡಬೇಕು. ಓಡಿ ಅಡಗಲು ಮೂಲೆ ಇರಬೇಕು. ಸಣ್ಣಪುಟ್ಟ ಕುಕ್ಕಾಟ ಸಹಜ. ರಕ್ತ ಕಂಡರೆ ಮಾತ್ರ ತಕ್ಷಣ ಬಿಡಿಸಲೇಬೇಕು, ಏಕೆಂದರೆ ರಕ್ತ ಕಂಡ ಕೋಳಿಗಳೆಲ್ಲ ಅದೇ ಗಾಯವನ್ನು ಕುಕ್ಕತೊಡಗುತ್ತವೆ.

ಊರು ಬಿಟ್ಟು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದಿಹರೆಯದಲ್ಲಿ ಮುಂಬಯಿಗೆ ಬಂದಿಳಿದ ಹುಡುಗನನ್ನು ಊರಿನವರೊಬ್ಬರು ಹೋಟೆಲಿನಲ್ಲಿ ಉಳಿಸಿಕೊಂಡು, ರಾತ್ರಿಶಾಲೆಗೆ ಸೇರಿಸಿ, ನಿಧಾನವಾಗಿ ನಗರಕ್ಕೆ ಪರಿಚಯಿಸಿದ್ದರಿಂದಲೇ ಎಷ್ಟೋ ಮಂದಿ ಇಲ್ಲಿ ನೆಲೆ ನಿಂತರು.

ಹಾಗಾದರೆ ಮರಿ ತರಲೇಬಾರದೇ? ಖಂಡಿತ ತರಬಹುದು. ಆದರೆ ಎರಡು ತಿಂಗಳು ನೋಡಿಕೊಳ್ಳುವ ಕೈ ಮನೆಯಲ್ಲಿರಬೇಕು, ಮತ್ತು ಮಳೆ ನಿಂತ ಮೇಲೆ ತರಬೇಕು. ಅದಾಗದಿದ್ದರೆ ಮನೆಯ ಹೇಂಟೆಯನ್ನೇ ಕಾವಿಗೆ ಕೂರಿಸಿ ಎಂದು ತಾಯಿಗೆ ಹೇಳುವುದೇ ಉತ್ತಮ. 21 ದಿನಗಳಲ್ಲಿ ಮರಿ ಬರುತ್ತದೆ, ಗುಂಪಿಗೆ ಸೇರಿಸುವ ಚಿಂತೆಯನ್ನೂ ಅದೇ ನೋಡಿಕೊಳ್ಳುತ್ತದೆ. ಹತ್ತು ಮರಿ ಕಡಿಮೆಯಾದರೂ ಮುದುಕಿಯ ನಿದ್ದೆ ಉಳಿಯುತ್ತದೆ.

ಇಲ್ಲಿ ಸಂಘ-ಸಂಸ್ಥೆಗಳಿಗೂ ಒಂದು ಕೆಲಸವಿದೆ. ರಾಣಿಖೇತ್ ಲಸಿಕೆಯನ್ನು ಮರಿಗೆ ಮೊದಲ ವಾರದಲ್ಲಿ ಕೊಟ್ಟು, ನಾಲ್ಕನೆಯ ಮತ್ತು ಎಂಟನೆಯ ವಾರಗಳ ಹೊತ್ತಿಗೆ ಮತ್ತೆ ಕೊಡುವುದು ವಾಡಿಕೆ. ಆದರೆ ಲಸಿಕೆಯ ಸೀಸೆ ಬರುವುದು ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳ ಲೆಕ್ಕದಲ್ಲಿ. ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಎಂಟು ಕೋಳಿಯ ಮನೆಯವರು ಒಬ್ಬರೇ ಹೋಗಿ ತರಲಾರರು. ಹತ್ತು ಮನೆ ಕೂಡಿದರೆ ಸುಲಭ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕಟ್ಟಡಕ್ಕೆ ನೆರವಾಗುವ ಸಂಘಗಳು ವರ್ಷಕ್ಕೆರಡು ಬಾರಿ ಪಶುವೈದ್ಯರನ್ನು ಕರೆಸಿ ಊರಿನ ಕೋಳಿಗಳಿಗೆಲ್ಲ ಒಂದೇ ದಿನ ಲಸಿಕೆ ಹಾಕಿಸಿದರೆ ತಗಲುವ ವೆಚ್ಚ ಒಂದು ಸನ್ಮಾನದ ಶಾಲು, ಹಾರ, ಫಲಕದಷ್ಟೂ ಆಗಲಾರದು. ಪದಾಧಿಕಾರಿಗಳು ಮುಂದಿನ ಮಹಾಸಭೆಯಲ್ಲಿ ಈ ಬಗ್ಗೆ ಐದು ನಿಮಿಷ ಚರ್ಚಿಸಿದರೂ ಊರಿನ ಹಿರಿಯರಿಗೆ ದೊಡ್ಡ ಉಪಕಾರವಾದೀತು.