ಲಂಕೆಗೆ ಹೋಗೋಣ, ಅಗ್ಗ ಅಂತ ಮಾತ್ರ ಅಲ್ಲ

ಸೆಮಿಸ್ಟರ್ ಮುಗಿಯೋ ಮುಂಚೆನೇ ವಾಟ್ಸಾಪ್ ಗ್ರೂಪಿನಲ್ಲಿ ಟ್ರಿಪ್ ಚರ್ಚೆ ಶುರುವಾಗುತ್ತೆ. ಗೋವಾ, ಗೋಕರ್ಣದ ಜೊತೆ ಈಗ ಶ್ರೀಲಂಕಾ ಹೆಸರೂ ಕೇಳಿಬರ್ತಿದೆ. ಬೆಂಗಳೂರಿನಿಂದ ಕೊಲಂಬೋಗೆ ನೇರ ವಿಮಾನವಿದೆ, ಸುಮಾರು ಒಂದೂವರೆ ಗಂಟೆ ಹಾದಿ. "ನಮ್ಮ ಒಂದು ರೂಪಾಯಿಗೆ ಅಲ್ಲಿ ಮೂರು ರೂಪಾಯಿ ಮಗಾ" ಅನ್ನೋದು ಎಲ್ಲರ ಮೊದಲ ವಾದ. ಹೋಗೋಣ, ಖಂಡಿತ ಹೋಗೋಣ. ಆದರೆ ಇದೊಂದೇ ಲೆಕ್ಕ ಹಿಡಿದು ಹೊರಟರೆ ಪ್ರವಾಸವೂ ಕೆಡುತ್ತೆ, ಮರ್ಯಾದೆಯೂ ಹೋಗುತ್ತೆ.

ಮೊದಲು ಮಳೆ ನೋಡಿ. ಆ ಪುಟ್ಟ ದ್ವೀಪಕ್ಕೆ ಎರಡು ಮಳೆಗಾಲ. ಮೇನಿಂದ ಸೆಪ್ಟೆಂಬರ್‌ವರೆಗೆ ಗಾಲೆ, ಮಿರಿಸ್ಸ, ಹಿಕ್ಕಡುವ ಕಡೆ ಮಳೆ, ಕಡಲೂ ಒರಟು. ಆಗ ಪೂರ್ವದ ತ್ರಿಂಕೋಮಲಿ ಕಡೆ ಬಿಸಿಲಿರುತ್ತೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪೂರ್ತಿ ಉಲ್ಟಾ. ಜುಲೈ ರಜೆಯಾದರೆ ಪೂರ್ವ ತೀರ, ಜನವರಿಯಾದರೆ ದಕ್ಷಿಣ. ಜುಲೈನಲ್ಲಿ ಮಿರಿಸ್ಸ ಪ್ಯಾಕೇಜ್ ಯಾಕಷ್ಟು ಕಡಿಮೆ ಅಂತ ಏಜೆಂಟರನ್ನೇ ಕೇಳಿ.

ಇಟಿಎ ಅರ್ಜಿಯನ್ನು ಅಲ್ಲಿನ ಸರ್ಕಾರಿ ವೆಬ್‌ಸೈಟಿನಲ್ಲೇ ಹಾಕಿ. ನಿಯಮ, ಶುಲ್ಕ ಆಗಾಗ ಬದಲಾಗುತ್ತೆ. 2024ರಿಂದ ನಮ್ಮ ಯುಪಿಐ ಅಲ್ಲೂ ನಡೆಯುತ್ತೆ, ಆದರೆ ಎಲ್ಲ ಅಂಗಡಿಗಳಲ್ಲೂ ಅಲ್ಲ. ಕೈಯಲ್ಲಿ ನಗದು ಇರಲಿ. ಸ್ಕೂಟರ್ ಬಾಡಿಗೆಗೆ ನಮ್ಮ ಊರಿನ ಲೈಸೆನ್ಸ್ ಒಂದೇ ಸಾಲದು. ಸಸ್ಯಾಹಾರಿ ಗೆಳೆಯರು ತೆಂಗಿನ ಸಂಬೋಲ ತಿನ್ನೋ ಮುಂಚೆ ಕೇಳಿಕೊಳ್ಳಿ, ಒಣಮೀನಿನ ಚೂರು ಹಾಕಿರ್ತಾರೆ.

ಓಡಾಟಕ್ಕೆ ಕ್ಯಾಬಿಗಿಂತ ಬಸ್ಸು, ರೈಲು ಮೇಲು ಅಂತ ನಮ್ಮ ವಾದ. ಬಸ್ಸಿನ ಮುಂದಿನ ಸೀಟು ಬೌದ್ಧ ಭಿಕ್ಷುಗಳಿಗೆ ಮೀಸಲು, ಅಲ್ಲಿ ಕೂರಬೇಡಿ. ಎಲ್ಲ ಹತ್ತಿರದ ದೆಮೋದರದಲ್ಲಿ ರೈಲು ಹಳಿ ಬೆಟ್ಟವನ್ನು ಸುತ್ತಿಬಂದು ತನ್ನದೇ ಸ್ಟೇಷನ್ನಿನ ಕೆಳಗಿನ ಸುರಂಗದಲ್ಲಿ ಹಾಯುತ್ತೆ. ಎಂಜಿನಿಯರಿಂಗ್ ಓದೋರು ಇದನ್ನು ನೋಡದೆ ಬರೀ ಬಾಗಿಲಲ್ಲಿ ನೇತಾಡೋ ರೀಲ್ಸ್ ಮಾಡಿ ಬಂದರೆ ಏನು ಹೇಳೋದು? ಹಾಗೆ ನೇತಾಡಿ ಬಿದ್ದು ಸತ್ತ ಪ್ರವಾಸಿಗರೂ ಇದ್ದಾರೆ. ಮಳೆಗೆ ಗುಡ್ಡ ಕುಸಿದು ಹಳಿ ಮುಚ್ಚೋದುಂಟು, ಹೊರಡೋ ಮುಂಚೆ ವಿಚಾರಿಸಿ. ಸಿವಿಲ್‌ನವರು ಪೊಲನ್ನರುವಕ್ಕೂ ಹೋಗಿ. 12ನೇ ಶತಮಾನದ ಪರಾಕ್ರಮ ಸಮುದ್ರ ಅನ್ನೋ ಕೆರೆಯ ಏರಿ ಮೇಲೆ ನಿಂತರೆ ನಮ್ಮೂರ ಕೆರೆ, ತೂಬು ನೆನಪಾಗದೆ ಇರಲ್ಲ.

ದೇವಸ್ಥಾನ, ವಿಹಾರಗಳಲ್ಲಿ ಚಪ್ಪಲಿ, ಟೋಪಿ ತೆಗೀಬೇಕು. ಭುಜ, ಮಂಡಿ ಮುಚ್ಚಿರಬೇಕು. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ಬೇಡವೇ ಬೇಡ. ತೋಳಿನ ಮೇಲೆ ಬುದ್ಧನ ಟ್ಯಾಟೂ ಇದ್ದ ಒಬ್ಬ ಪ್ರವಾಸಿಯನ್ನು 2014ರಲ್ಲಿ ವಾಪಸ್ ಕಳಿಸಿದ್ದರು.

ಇನ್ನು ಆ "ಮೂರು ರೂಪಾಯಿ" ವಿಷಯ. 2022ರ ಆರಂಭದಲ್ಲಿ ಡಾಲರಿಗೆ 200ರ ಆಸುಪಾಸಿದ್ದ ಲಂಕಾ ರೂಪಾಯಿ ಕೆಲವೇ ತಿಂಗಳಲ್ಲಿ 350 ದಾಟಿತು. ಪೆಟ್ರೋಲಿಗೆ ಜನ ದಿನಗಟ್ಟಲೆ ಕ್ಯೂ ನಿಂತರು, ಅಡುಗೆ ಗ್ಯಾಸ್ ಸಿಗಲಿಲ್ಲ, ಆಸ್ಪತ್ರೆಗಳಲ್ಲಿ ಔಷಧ ಮುಗಿಯಿತು. ಆ ಏಪ್ರಿಲ್‌ನಲ್ಲಿ ವಿದೇಶಿ ಸಾಲ ತೀರಿಸೋದನ್ನೇ ದೇಶ ನಿಲ್ಲಿಸಿತು. ನಮಗೆ ಸಿಗುವ ರಿಯಾಯಿತಿಯಲ್ಲಿ ಅವರ ಕಷ್ಟದ ಪಾಲೂ ಇದೆ.

ಹಾಗಂತ ಕೇಳಿದಷ್ಟು ಕೊಟ್ಟು ಬನ್ನಿ ಅಂತಿಲ್ಲ. ಆಟೋ ಹತ್ತೋ ಮುಂಚೆ ದರ ಮಾತಾಡಿ, ಇಲ್ಲವೇ ಅಲ್ಲಿನ ಪಿಕ್‌ಮೀ ಆ್ಯಪ್ ಬಳಸಿ. ಆದರೆ ಅಲ್ಲಿಯ ನೂರು ರೂಪಾಯಿಗೆ, ಅಂದರೆ ನಮ್ಮ ಮೂವತ್ತಕ್ಕೆ, ಬೀದಿಯಲ್ಲಿ ಜಗಳ ಬೇಡ. ದೊಡ್ಡ ರೆಸಾರ್ಟಿನ ಬದಲು ಮನೆಯವರೇ ನಡೆಸೋ ಹೋಂಸ್ಟೇಯಲ್ಲಿ ಉಳಿಯಿರಿ, ಸಣ್ಣ ಹೋಟೆಲಲ್ಲಿ ಅನ್ನ-ಪಲ್ಯ ಉಣ್ಣಿ. ನಮಗೂ ಖರ್ಚು ಕಡಿಮೆ, ದುಡ್ಡು ನೇರ ಅವರ ಕೈಗೇ ಸೇರುತ್ತೆ. ನಮ್ಮ ಹಂಪಿಗೆ, ಕೊಡಗಿಗೆ ಬರುವವರು ಹೇಗೆ ನಡೆದುಕೊಳ್ಳಲಿ ಅಂತ ಬಯಸ್ತೀವೋ, ಅಲ್ಲಿ ನಾವೂ ಹಾಗೇ ನಡೆದುಕೊಳ್ಳೋಣ.