ಅಂಗಳದ ಮಾತು: ಚೀಲದಲ್ಲಿ ಹಾಕಿ ದಾಟಿಸಿದರೆ ಮುಗಿಯಿತೇ?



ಕಳೆದ ಸಂಚಿಕೆಯ ಮಾದಲಿಯ ಬಗ್ಗೆ ಬಂದ ಪತ್ರಗಳ ನಡುವೆ ಒಂದು ಬೇರೆಯೇ ಪತ್ರವಿತ್ತು. ಗದಗ ಕಡೆಯ ಸೋದರಿಯೊಬ್ಬರು ಬರೆದದ್ದು. "ನಮ್ಮ ಮನೆಯ ಬೆಕ್ಕು ಒಂದೂವರೆ ವರ್ಷದಲ್ಲಿ ಮೂರನೇ ಸಲ ಮರಿ ಹಾಕಿದೆ. ಮೊದಲ ಸಲದ ಮರಿಗಳನ್ನು ಕೇಳಿದವರಿಗೆ ಕೊಟ್ಟೆವು. ಎರಡನೇ ಸಲದವನ್ನು ನಮ್ಮ ಮನೆಯವರು ಚೀಲದಲ್ಲಿ ಹಾಕಿಕೊಂಡು ಹೋಗಿ ಸಂತೆಯಲ್ಲಿ ಬಿಟ್ಟು ಬಂದರು. ತಾಯಿ ಬೆಕ್ಕು ನಾಲ್ಕು ದಿನ ಮನೆಯೆಲ್ಲಾ ಹುಡುಕಿ ಕೂಗಿತು. ಈಗ ಮತ್ತೆ ನಾಲ್ಕು ಮರಿ. ಅವರು ಮತ್ತೆ ಚೀಲ ಹುಡುಕುತ್ತಿದ್ದಾರೆ. ನಾನೇನು ಮಾಡಲಿ?"

ಆ ಚೀಲ ನನಗೂ ಪರಿಚಯದ್ದೇ. ನನ್ನ ತವರಿನಲ್ಲಿ ಬೆಕ್ಕು ಈದರೆ ಕಣ್ಣು ಬಿಡುವವರೆಗೆ ಸುಮ್ಮನಿದ್ದು, ಆಮೇಲೆ ಯಾರಾದರೊಬ್ಬರು "ಹಳ್ಳ ದಾಟಿಸಿ" ಬರುತ್ತಿದ್ದರು. ದಾಟಿಸಿ ಬರುವುದು ಎಂದರೆ ಕೊಂದ ಹಾಗಲ್ಲ ಅಂತ ನಮ್ಮ ಸಮಾಧಾನ. ಹಾಲು ಬಿಡದ ಮರಿ ಹಳ್ಳದ ಆಚೆ ಏನು ತಿನ್ನುತ್ತದೆ ಎಂದು ಯಾರೂ ಕೇಳಿದ್ದಿಲ್ಲ. ನಾನೂ ಕೇಳಲಿಲ್ಲ ಬಿಡಿ. ಕೇಳಬೇಕಾದ ಪ್ರಸಂಗ ಬಂದದ್ದು ನಾನು ವಿದ್ಯಾನಗರದಲ್ಲಿ ಸಂಸಾರ ಹೂಡಿ ಎಷ್ಟೋ ವರ್ಷಗಳಾದ ಮೇಲೆ. ಅದೂ ಬೆಕ್ಕಿನಿಂದಲ್ಲ, ನಾಯಿಯಿಂದ.

ನಮ್ಮ ಓಣಿಯಲ್ಲಿ ಕೆಂಚಿ ಅಂತ ಒಂದು ಹೆಣ್ಣು ನಾಯಿ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಕೊನೆಯದೊಂದು ಆಕೆಗೆ. ಸಾಕಿದ್ದೇನೂ ಅಲ್ಲ, ಗೇಟಿನ ಹೊರಗೆ ಹಾಕಿ ಬರುವುದು ಅಷ್ಟೇ. ಮೊದಲ ಸಲ ನಮ್ಮ ಮೆಟ್ಟಿಲ ಕೆಳಗೆ ಆರು ಕುನ್ನಿ ಹಾಕಿದಾಗ ಓಣಿಗೆಲ್ಲ ಹಬ್ಬ! ಶಾಲೆಯ ಹುಡುಗರು ಬಿಸ್ಕತ್ತು ತಂದರು, ನಾನು ಹಾಲು ಇಟ್ಟೆ. ಕುನ್ನಿಗಳು ಕಾಲು ಬಲಿತು ಹುಬ್ಬಳ್ಳಿ-ಧಾರವಾಡ ರಸ್ತೆಯ ಕಡೆ ಓಡಾಡಲು ಶುರುಮಾಡಿದ ಮೇಲೆ ಒಂದೊಂದೇ ಕಡಿಮೆಯಾದವು. ಆ ರಸ್ತೆಯ ವಾಹನಗಳ ಭರಾಟೆ ನಿಮಗೆ ಗೊತ್ತಿದ್ದರೆ ಹೆಚ್ಚು ಹೇಳಬೇಕಿಲ್ಲ. ಎರಡಕ್ಕೆ ಭೇದಿ ಹತ್ತಿ ಸತ್ತವು. ಉಳಿದದ್ದು ಒಂದು, ಅದೂ ಹೆಣ್ಣು. ಆರು ತಿಂಗಳಿಗೆ ಕೆಂಚಿ ಮತ್ತೆ ಬಸುರಿ. ವರ್ಷ ತುಂಬುವುದರೊಳಗೆ ಮಗಳೂ ಬಸುರಿ.

ಮೂರನೇ ಬಾಣಂತನದಲ್ಲಿ ಆ ಸಂಗತಿ ನಡೆಯಿತು. ನಮ್ಮ ಮನೆಯ ಕೆಲಸದಾಕೆಯ ಮಗ, ಆರು ವರ್ಷದವನು, ಚೆಂಡು ತರಲು ಮೆಟ್ಟಿಲ ಕೆಳಗೆ ಕೈ ಹಾಕಿದ. ಕುನ್ನಿ ಕಾಯುತ್ತಿದ್ದ ಕೆಂಚಿ ಹಾರಿ ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ರಕ್ತ ಸುರಿಯುತ್ತಿತ್ತು. ಯಾರೋ ಸುಣ್ಣ ತಂದರು, ಯಾರೋ ಖಾರದ ಪುಡಿ ಅಂದರು.

ಇಲ್ಲಿ ಒಂದು ಮಾತು ನಿಲ್ಲಿಸಿ ಹೇಳಬೇಕು, ಅಡಿಗೆಮನೆಯ ಬಾಗಿಲಿಗೆ ಅಂಟಿಸಿಕೊಂಡರೂ ಸರಿ. ನಾಯಿ ಕಡಿದರೆ, ಬೆಕ್ಕು ಪರಚಿ ರಕ್ತ ಬಂದರೂ ಅಷ್ಟೇ, ಮೊದಲ ಔಷಧ ಸೋಪು ಮತ್ತು ನಲ್ಲಿಯ ನೀರು. ಧಾರೆಯಾಗಿ ಸುರಿಯುವ ನೀರಿನಲ್ಲಿ 15 ನಿಮಿಷ, ಗಡಿಯಾರ ನೋಡಿಕೊಂಡು ತೊಳೆಯಬೇಕು. ಸುಣ್ಣ, ಅರಿಶಿನ, ಖಾರದ ಪುಡಿ ಯಾವುದೂ ಬೇಡ. ಬಟ್ಟೆ ಬಿಗಿದು ಕಟ್ಟಬೇಡಿ. ಅಲ್ಲಿಂದ ನೇರವಾಗಿ ದವಾಖಾನೆ. ಹಿಂದೆ ಹೊಕ್ಕಳ ಸುತ್ತ 14 ಸೂಜಿ ಚುಚ್ಚುತ್ತಿದ್ದರಲ್ಲ, ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತು ಹೋಗಿದೆ. ಈಗ ಕೈಗೆ ಹಾಕುತ್ತಾರೆ. ಮೊದಲ ಸೂಜಿಯಾದ ಮೇಲೆ 3, 7, 28ನೇ ದಿನ ಮತ್ತೆ ಹೋಗಬೇಕು. ಕೆಲವು ಕಡೆ 14ನೇ ದಿನವೂ ಇರುತ್ತದೆ, ಚೀಟಿಯಲ್ಲಿ ಬರೆದು ಕೊಟ್ಟಂತೆ ಮಾಡಿ. ರಕ್ತ ಬಂದ ಗಾಯವಾದರೆ ಗಾಯದ ಸುತ್ತಲೇ ಇನ್ನೊಂದು ಔಷಧಿ ಚುಚ್ಚಬೇಕಾಗುತ್ತದೆ, ಅದನ್ನು ಮರೆಯದೆ ಕೇಳಿ. ಗಾಯ ಮಾಯಿತು ಅಂತ ನಡುವೆ ಬಿಡಬೇಡಿ. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಅದಕ್ಕೆ ಮದ್ದಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಮಕ್ಕಳೇ ಬಹಳ.

ಹುಡುಗ ಗುಣವಾದ. ಎಲ್ಲ ಸೂಜಿಗಳಿಗೂ ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ. ಅವನ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ರೊಟ್ಟಿ ಹಾಕಿ ಪುಣ್ಯ ಕಟ್ಟಿಕೊಂಡವಳು ನಾನು, ಕಡಿಸಿಕೊಂಡದ್ದು ಆಕೆಯ ಮಗ!

ಓಣಿಯಲ್ಲಿ ದೊಡ್ಡ ಚರ್ಚೆಯಾಯಿತು. "ಎಲ್ಲಾ ಹಿಡಿಸಿ ಊರ ಹೊರಗ ಬಿಟ್ಟು ಬರೋಣ್ರಿ" ಅಂತ ಒಂದು ಪಕ್ಷ. ಯಾರು ಮಾಡಿಸಿದರೋ, ನಾನು ಹೆಸರು ಹೇಳುವುದಿಲ್ಲ, ಒಂದು ರಾತ್ರಿ ಟೆಂಪೋ ಬಂದು ಐದು ನಾಯಿ ಹೋದವು. ಕೆಂಚಿ ಮಾತ್ರ ಹೇಗೋ ತಪ್ಪಿಸಿಕೊಂಡಿತ್ತು. ಹತ್ತು ದಿನ ಓಣಿ ಶಾಂತ. ಆಮೇಲೆ ಆ ಕಡೆಯ ಖಾನಾವಳಿ ಸಾಲಿನಿಂದ ಗುರುತಿಲ್ಲದ ನಾಲ್ಕು ನಾಯಿ ಬಂದು ಕೂತವು. ಹಳೆಯವಕ್ಕೆ ನಮ್ಮ ಮುಖ ಗೊತ್ತಿತ್ತು, ಇವಕ್ಕೆ ಅದೂ ಇಲ್ಲ. ರಾತ್ರಿಯೆಲ್ಲ ಜಗಳ.

ಹೀಗಾಗುವುದು ನಮ್ಮ ಓಣಿಯಲ್ಲಷ್ಟೇ ಅಲ್ಲ ಎಂದು ಆಮೇಲೆ ಓದಿ ತಿಳಿದೆ. ನಾಯಿ ಬಂದು ಕೂರುವುದು ಅನ್ನ ಇರುವಲ್ಲಿ. ಕಸದ ಗುಂಡಿ, ಮಾಂಸದ ಅಂಗಡಿ, ಖಾನಾವಳಿಯ ಎಂಜಲು ಇರುವಷ್ಟು ಕಾಲ ಒಂದು ಹೋದರೆ ಇನ್ನೊಂದು ಬರುತ್ತದೆ. ಮದ್ರಾಸಿನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಕಾರ್ಪೋರೇಶನ್ನಿನವರು ನಾಯಿಗಳನ್ನು ಹಿಡಿದು ಕೊಂದರು, ನಾಯಿ ಕಡಿಮೆಯಾಗಲಿಲ್ಲ. ಅಲ್ಲಿಯ ಬ್ಲೂ ಕ್ರಾಸ್ ಸಂಸ್ಥೆಯವರು 1964ರಲ್ಲೇ "ಕೊಲ್ಲಬೇಡಿ, ಸಂತಾನಹರಣ ಮಾಡಿ ಬಿಡಿ" ಅಂದರು. ಕಾರ್ಪೋರೇಶನ್ ಕಿವಿಗೆ ಹಾಕಿಕೊಂಡದ್ದು ಮೂವತ್ತು ವರ್ಷದ ಮೇಲೆ, 1996ರ ಸುಮಾರಿಗೆ! 2001ರಲ್ಲಿ ಅದೇ ದೇಶಕ್ಕೆಲ್ಲ ನಿಯಮವಾಯಿತು. 2023ರಲ್ಲಿ ಆ ನಿಯಮಗಳನ್ನು ಹೊಸದಾಗಿ ಬರೆದರು. ಬೀದಿನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಹಿಡಿದ ಓಣಿಗೇ ಬಿಡಬೇಕು. ಇದು ಪಾಲಿಕೆ, ಪುರಸಭೆಗಳ ಹೊಣೆ. 2025ರ ಆಗಸ್ಟ್ ತಿಂಗಳಲ್ಲಿ ಸುಪ್ರೀಂ ಕೋರ್ಟು ದಿಲ್ಲಿಯ ನಾಯಿಗಳನ್ನೆಲ್ಲ ದೊಡ್ಡಿಗೆ ಹಾಕಿ ಅಂದದ್ದು, ಹನ್ನೊಂದು ದಿನಕ್ಕೆ ಅದನ್ನು ತಿದ್ದಿ, ಹುಚ್ಚು ಹಿಡಿದವು, ಮೈಮೇಲೆ ಬೀಳುವವುಗಳ ಹೊರತು ಉಳಿದವನ್ನು ಲಸಿಕೆ ಹಾಕಿ ಅಲ್ಲಲ್ಲೇ ಬಿಡಿ ಅಂದದ್ದು ನೀವೂ ಟೀವಿಯಲ್ಲಿ ನೋಡಿರುತ್ತೀರಿ. ಅದೇ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿ ಹಿಡಿದವನ್ನು ಮಾತ್ರ ಮತ್ತೆ ಅಲ್ಲಿಗೆ ಬಿಡಕೂಡದೆಂದು ಹೇಳಿತು. ಶಾಲೆಯ ಅಂಗಳದ ಮಟ್ಟಿಗೆ ನನಗೂ ಅದು ಸರಿಯೆನಿಸಿತು.

ಇದರಿಂದ ಉಪಯೋಗ ಉಂಟೇ ಅಂತ ನೀವು ಕೇಳುತ್ತೀರಿ. ಬೆಂಗಳೂರಿನಲ್ಲಿ 2019ರ ಎಣಿಕೆಯಲ್ಲಿ ಬೀದಿನಾಯಿ 3.10 ಲಕ್ಷ ಇದ್ದವು. 2023ರಲ್ಲಿ 2.79 ಲಕ್ಷ. ಬಹಳ ಇಳಿಯಲಿಲ್ಲ, ಆದರೆ ಏರಲಿಲ್ಲವಲ್ಲ! ಭೂತಾನ ದೇಶದವರು 2009ರಲ್ಲಿ ಶುರುಮಾಡಿ ಹದಿನಾಲ್ಕು ವರ್ಷ ಬಿಡದೆ ಒಂದೂವರೆ ಲಕ್ಷಕ್ಕೂ ಹೆಚ್ಚು ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, 2023ರಲ್ಲಿ ಬೀದಿನಾಯಿ ಒಂದೂ ಬಾಕಿಯಿಲ್ಲ ಎಂದು ಸಾರಿದರು. ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಗೋವಾ ನೋಡಿ. 2014ರಿಂದ ಓಣಿ ಓಣಿ ಸುತ್ತಿ, ಬಲೆ ಹಾಕಿ ಹಿಡಿದು ನಾಯಿಗಳಿಗೆ ಲಸಿಕೆ ಹಾಕಿದರು. ನೂರಕ್ಕೆ ಎಪ್ಪತ್ತು ನಾಯಿಗಳಿಗೆ ಲಸಿಕೆ ಬಿದ್ದರೆ ರೋಗದ ಸರಪಳಿ ತುಂಡಾಗುತ್ತದಂತೆ. 2018ರಿಂದ ಮೂರು ವರ್ಷ ಅಲ್ಲಿ ಒಬ್ಬರೂ ಹುಚ್ಚುನಾಯಿ ರೋಗದಿಂದ ಸಾಯಲಿಲ್ಲ.

ಸರಿ, ಕೆಂಚಿಗೆ ಆಪರೇಶನ್ ಮಾಡಿಸುವುದೆಂದು ನಾನು ನಿಶ್ಚಯ ಮಾಡಿದೆ. ಮನೆಯಲ್ಲಿ ಹೇಳಿದಾಗ ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. ಅಡ್ಡ ಬಂದವರು ಎದುರು ಮನೆಯ ಅಜ್ಜಿ. ಮೈಲಾರಲಿಂಗನ ಒಕ್ಕಲು ಅವರು. ದೇವರಗುಡ್ಡದ ಗೊರವಯ್ಯಗಳು ನಾಯಿಯ ಹಾಗೆ ಬೊಗಳುತ್ತ ದೋಣಿಯ ಪ್ರಸಾದ ಉಣ್ಣುವುದನ್ನು ಕಂಡು ಕೈಮುಗಿದು ಬಂದವರು.

"ನೋಡವಾ, ಹೊಟ್ಟಿಗಿ ಹಾಕಿದಿ, ಛಲೋ ಮಾಡಿದಿ. ಆದ್ರ ತಾಯ್ತನ ಕಸಗೊಳ್ಳೋ ಪಾಪ ನಿನಗ ಬ್ಯಾಡ. ಬಂಜಿ ಅನ್ನಿಸ್ಕೊಳ್ಳೋದು ಎಂಥಾ ಸಂಕಟ ಅಂತ ಹೆಣ್ಣಾಗಿ ನಿನಗ ಗೊತ್ತಿಲ್ಲೇನು?"

ಸೋದರಿಯರೇ, ಈ ಮಾತಿಗೆ ನಾನು ಎರಡು ದಿನ ಉತ್ತರ ಹೇಳಲಿಲ್ಲ. ಅಜ್ಜಿಯದು ಹುಡುಗಾಟದ ಮಾತಲ್ಲ, ಮಕ್ಕಳಿಲ್ಲವೆಂದು ಸೊಸೆಯಂದಿರು ಪಡುವ ಪಾಡು ಕಂಡವರ ಮಾತು. ಮೂರನೇ ದಿನ ಅವರ ಕಟ್ಟೆಯ ಮೇಲೆ ಕೂತು ಲೆಕ್ಕ ಹೇಳಿದೆ. "ಅಜ್ಜಿ, ಮೂರು ಸಲ ಸೇರಿ ಕೆಂಚಿ ಹಡೆದದ್ದು ಹದಿನೇಳ್ರಿ. ಇವತ್ತು ಕಣ್ಣಿಗೆ ಬೀಳೋವು ಮೂರು. ಉಳಿದ ಹದಿನಾಲ್ಕು ಸಾಯೋದು ನೋಡೋದೂ ತಾಯ್ತನಾನೇ ಏನ್ರಿ?" ಅಜ್ಜಿ ಎಲೆಗೆ ಸುಣ್ಣ ಸವರುತ್ತ ಕೂತಿದ್ದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ನಾಯಿಗೆ ಬಂಜೆತನದ ದುಃಖವಿಲ್ಲ, ನೆರೆಯವರು ಮೂದಲಿಸುವುದಿಲ್ಲ. ಬೆದೆ ಬಂದಾಗ ಹತ್ತು ಗಂಡು ನಾಯಿ ಬೆನ್ನು ಹತ್ತುವ ಹಿಂಸೆ ಇದೆಯಲ್ಲ, ಅದು ತಪ್ಪುತ್ತದೆ. "ಒಂದು ಸಲ ತಾಯಿಯಾಗಲಿ, ಆಮೇಲೆ ಮಾಡಿಸೋಣ" ಎನ್ನುವುದಕ್ಕೂ ಅರ್ಥವಿಲ್ಲ ಎಂದು ಡಾಕ್ಟರು ಹೇಳಿದರು. ಹಡೆಯದೇ ಇದ್ದರೆ ಅದರ ಆರೋಗ್ಯಕ್ಕೆ ಏನೂ ಕುಂದಿಲ್ಲ. ಬೇಗ ಮಾಡಿಸಿದರೆ ಗರ್ಭಕೋಶದ ಕೀವು, ಮೊಲೆಯ ಗಂಟು ಇಂಥವುಗಳ ಭಯವೂ ಕಡಿಮೆ.

ಹಣ ಹೊಂದಿಸಿದ್ದು ನಮ್ಮ ಭಿಶಿಯ ಹೆಂಗಸರು. ಪ್ರತಿ ತಿಂಗಳ ತಿಂಡಿಯ ಖರ್ಚು ಬಿಟ್ಟು, ಬರೀ ಚಹಾ ಕುಡಿದು, ಎರಡು ತಿಂಗಳಿಗೆ ಕೆಂಚಿಯ ಆಪರೇಶನ್ನಿಗೆ ಆಗುವಷ್ಟು ಕೂಡಿತು. (ತಿಂಡಿ ತಪ್ಪಿದ್ದಕ್ಕೆ ಇಬ್ಬರು ಮುನಿಸಿಕೊಂಡರು, ಅದು ಬೇರೆ.) ಕುನ್ನಿಗಳು ಮೊಲೆ ಬಿಟ್ಟ ಮೇಲೆ, ಹಾಲು ಬತ್ತಿದ ಮೇಲೆ ಒಂದು ಬೆಳಿಗ್ಗೆ ಗೋಣಿತಟ್ಟು ಹಾಸಿದ ಆಟೋದಲ್ಲಿ ಕೆಂಚಿಯನ್ನು ಕೂರಿಸಿದೆವು. ಹಿಂದಿನ ರಾತ್ರಿಯಿಂದ ಉಪವಾಸ. ಎಂಟು ದಿನ ಮೊದಲೇ ಕೊರಳಿಗೆ ಮೆತ್ತಗಿನ ದಾರ ಕಟ್ಟಿ ರೂಢಿ ಮಾಡಿಸಿದ್ದೆ. ನಮ್ಮವರು ಗೇಟಿನಲ್ಲಿ ನಿಂತು, "ನಮ್ಮ ಲಗ್ನಕ್ಕೂ ಇಷ್ಟು ತಯಾರಿ ಮಾಡಿರಲಿಲ್ಲ" ಅಂದರು. ಅಂದವರೇ ಆಟೋ ಹತ್ತಿ ನಾಯಿಯ ಪಕ್ಕ ಕೂತರು!

ಹತ್ತು ದಿನ ನಮ್ಮ ಹಿತ್ತಲಿನ ಬಚ್ಚಲಮನೆಯೇ ಅದರ ಬಾಣಂತಿ ಕೋಣೆ. ಹೊಲಿಗೆ ನೆಕ್ಕದಂತೆ ಕೊರಳಿಗೆ ಡಾಕ್ಟರು ಕೊಟ್ಟ ಪ್ಲಾಸ್ಟಿಕ್ ಬುಟ್ಟಿ. ಎದುರು ಮನೆಯ ಅಜ್ಜಿ ದಿನಾ ಸಂಜೆ ಕಿಟಕಿಯಿಂದ ಇಣುಕಿ "ಗಾಯ ಒಣಗೇತೇನ?" ಅಂತ ಕೇಳುತ್ತಿದ್ದರು. ಪಾಪದ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಂಡಿಲ್ಲ. ಹಾಲು ಅನ್ನ ಕಲಸಿ ತಂದದ್ದು ಮಾತ್ರ ಎರಡು ಸಲ.

ಆಮೇಲೆ ಕೆಂಚಿಯ ಮಗಳಿಗೂ, ಹೊಸದಾಗಿ ಬಂದ ನಾಲ್ಕರಲ್ಲಿ ಎರಡು ಹೆಣ್ಣಿಗೂ ಆಯಿತು. ಒಂದು ಇನ್ನೂ ಕೈಗೆ ಸಿಕ್ಕಿಲ್ಲ. ಭಿಶಿಯ ದುಡ್ಡು ಎಲ್ಲದಕ್ಕೂ ಸಾಲುವುದಿಲ್ಲವೆಂದು ಓಣಿಯವರೆಲ್ಲ ಸಹಿ ಮಾಡಿ ಪಾಲಿಕೆಗೆ ಅರ್ಜಿ ಕೊಟ್ಟಿದ್ದೇವೆ. ನೀವೂ ನಿಮ್ಮ ಪುರಸಭೆಗೆ ಹಾಗೆ ಬರೆದು ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ರೊಟ್ಟಿ ಹಾಕುವ ಜಾಗವನ್ನು ಗೇಟಿನಿಂದ, ಮೆಟ್ಟಿಲಿನಿಂದ, ಮಕ್ಕಳು ಆಡುವಲ್ಲಿಂದ ದೂರ ಓಣಿಯ ಕೊನೆಗೆ ಒಯ್ದಿದ್ದೇನೆ. ನಿಯಮವೂ ಹಾಗೇ ಇದೆ. ಉಳಿದ ಸಾರು-ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಗೆ ಎಸೆಯುವುದನ್ನು ಓಣಿಯ ಅರ್ಧ ಮನೆಗಳು ನಿಲ್ಲಿಸಿವೆ. ಇನ್ನರ್ಧದ ಜೊತೆ ನನ್ನ ಜಗಳ ನಡೆದೇ ಇದೆ.

ಈಗ ಗದಗಿನ ಸೋದರಿಗೆ. ಬೆಕ್ಕು ನಾಯಿಗಿಂತ ಅವಸರದ್ದು ತಾಯೀ. ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ, ಎರಡು ತಿಂಗಳಿಗೆ ಈಯುತ್ತದೆ, ಮರಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. ಆದ್ದರಿಂದ ಮರಿಗಳಿಗೆ ಎಂಟು ವಾರ ತುಂಬುವವರೆಗೆ ತಾಯಿಯನ್ನು ಹೊರಗೆ ಬಿಡಬೇಡಿ, ಮಣ್ಣು ತುಂಬಿದ ತಟ್ಟೆಯೊಂದನ್ನು ಒಳಗೇ ಇಡಿ. ಎಂಟು ವಾರದ ಮೇಲೆ ಮರಿ ಬೇಕೆಂದವರಿಗೆ ಕೊಡಿ. ಕೊಡುವಾಗ ಹೆಣ್ಣೋ ಗಂಡೋ ಹೇಳಿ, ಆರು ತಿಂಗಳಿಗೆ ಆಪರೇಶನ್ ಮಾಡಿಸಬೇಕೆಂದು ಮಾತು ತೆಗೆದುಕೊಂಡೇ ಕೊಡಿ. ಹಾಲು ಬತ್ತಿದ ಕೂಡಲೇ ತಾಯಿಯನ್ನು ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಆಪರೇಶನ್ ಅನುಕೂಲವಿಲ್ಲದಿದ್ದರೆ ಎಲ್ಲಿ ಇದೆ ಎಂದು ಆ ಡಾಕ್ಟರನ್ನೇ ಕೇಳಿ. ರೇಬೀಸ್ ಲಸಿಕೆಯನ್ನೂ ಹಾಕಿಸಿ. ಗಂಡು ಮರಿ ಇಟ್ಟುಕೊಂಡರೆ ಅದಕ್ಕೂ ಮಾಡಿಸಿ, ಊರು ಸುತ್ತುವುದು, ಕಾದಾಡುವುದು, ಮೂಲೆ ಮೂಲೆಗೆ ನಾರುವಂತೆ ಉಚ್ಚೆ ಹೊಯ್ಯುವುದು ಕಡಿಮೆಯಾಗುತ್ತದೆ.

ನಿಮ್ಮ ಮನೆಯವರಿಗೆ ಇನ್ನೊಂದು ಮಾತು ತಿಳಿಸಿ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಎಲ್ಲೋ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆಗೆ ಬಗ್ಗದಿದ್ದರೆ, ಆ ನಾಲ್ಕು ದಿನ ಬೆಕ್ಕು ಕೂಗಿದಾಗ ಅವರಿಗೂ ನಿದ್ದೆ ಬಂದಿತ್ತೇ ಎಂದು ಕೇಳಿ ನೋಡಿ. ಆ ಚೀಲವನ್ನು ಜೋಳ ತರಲು ಗಿರಣಿಗೆ ಕಳಿಸಿಬಿಡಿ.

ಪತ್ರದಲ್ಲಿ ಬೆಕ್ಕಿನ ಹೆಸರು ಬರೆದಿಲ್ಲ ನೀವು. ಆಪರೇಶನ್ ಆದ ಮೇಲೆ ಬರೆಯಿರಿ.