ಗೂಬೆ ಗುರುತಿನ ಕಂಪ್ಯೂಟರ್ ಮತ್ತು ನಮ್ಮ ಸಾಲಿಗಳು

ಮೈಕ್ರೋಕಂಟ್ರೋಲರ್ ಲ್ಯಾಬಿನಲ್ಲಿ ನಾವೆಲ್ಲ ಆರ್ಮ್ ಬೋರ್ಡಿನ ಮುಂದೆ ಕೂತವರೇ. ಎಲ್‌ಪಿಸಿ 2148 ಮೇಲೆ ಎಲ್‌ಇಡಿ ಮಿಣುಕಿಸಿ, ರೆಕಾರ್ಡಿಗೆ ಸಹಿ ಹಾಕಿಸಿಕೊಂಡು ಬಂದಿದ್ದೀವಿ. ವೈವಾದಲ್ಲಿ ಫುಲ್‌ಫಾರ್ಮ್ ಕೇಳಿದರೆ ‘ಅಡ್ವಾನ್ಸ್‌ಡ್ ರಿಸ್ಕ್ ಮಷೀನ್’ ಅಂತ ಹೇಳಿ ಪಾರಾಗ್ತೀವಿ. ಆದರೆ ಮೊದಲಿಗೆ ಆ ‘ಎ’ ಅಂದರೆ ಅಡ್ವಾನ್ಸ್‌ಡ್ ಅಲ್ಲ, ಏಕಾರ್ನ್. ಏಕಾರ್ನ್ ಅನ್ನೋದು ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿದ್ದ ಒಂದು ಸಣ್ಣ ಕಂಪನಿ. ಅದಕ್ಕೆ ಹೆಸರು ತಂದುಕೊಟ್ಟಿದ್ದು ಶಾಲೆಯ ಮಕ್ಕಳಿಗಾಗಿ ಮಾಡಿದ ಒಂದು ಕಂಪ್ಯೂಟರ್: ಬಿಬಿಸಿ ಮೈಕ್ರೋ.

ಈ ಯಂತ್ರದ ಕಥೆ ಹೇಳೋದು ಹಳೇದನ್ನು ನೆನೆಸಿ ನಿಟ್ಟುಸಿರು ಬಿಡೋದಕ್ಕಲ್ಲ. ಅದು ನಮ್ಮ ದೇಶದ ಶಾಲೆಗಳಿಗೂ ಬಂದಿತ್ತು. ಬಂದು ಏನಾಯ್ತು ಅನ್ನೋದರಲ್ಲಿ ನಮಗೊಂದು ಕೆಲಸ ಬಾಕಿ ಉಳಿದಿದೆ ಅಂತ ನಮ್ಮ ಅಭಿಪ್ರಾಯ.

1981ರಲ್ಲಿ ಬಿಬಿಸಿ ಟಿವಿಯವರು ಜನಕ್ಕೆ ಕಂಪ್ಯೂಟರ್ ಕಲಿಸುವ ಒಂದು ದೊಡ್ಡ ಯೋಜನೆ ಹಾಕಿಕೊಂಡರು. ಕಾರ್ಯಕ್ರಮದ ಜೊತೆಗೆ ಒಂದು ಯಂತ್ರವೂ ಬೇಕಿತ್ತು. ಏಕಾರ್ನಿನ ಹರ್ಮನ್ ಹೌಸರ್ ತಮ್ಮ ಇಬ್ಬರು ಎಂಜಿನಿಯರುಗಳಿಗೆ, ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್‌ಗೆ, ಒಂದೇ ವಾರದಲ್ಲಿ ಮಾದರಿ ಮಾಡೋಕಾಗುತ್ತಾ ಅಂತ ಬೇರೆ ಬೇರೆಯಾಗಿ ಕೇಳಿದರು. ಇವರಿಗೆ ‘ಅವರು ಆಗುತ್ತೆ ಅಂದ್ರು’, ಅವರಿಗೆ ‘ಇವರು ಆಗುತ್ತೆ ಅಂದ್ರು’. ನಮ್ಮ ಮಿನಿ ಪ್ರಾಜೆಕ್ಟುಗಳೂ ಶುರುವಾಗೋದು ಹೀಗೇ ಅಲ್ಲವೇ! ವ್ಯತ್ಯಾಸ ಇಷ್ಟೆ, ಅವರದು ಬಿಬಿಸಿಯವರು ಬರುವ ಕೆಲವೇ ಗಂಟೆ ಮುಂಚೆ ನಿಜವಾಗಿಯೂ ಓಡಿತು. 1981ರ ಡಿಸೆಂಬರಿನಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. 2 ಮೆಗಾಹರ್ಟ್ಸಿನ 6502 ಪ್ರೊಸೆಸರ್, ‘ಎ’ ಮಾದರಿಗೆ 16 ಕೆಬಿ, ‘ಬಿ’ ಮಾದರಿಗೆ 32 ಕೆಬಿ ಮೆಮೊರಿ. ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು ‘ಶುಭೋದಯ’ ಚಿತ್ರ ಅದರಲ್ಲಿ ಹಿಡಿಸಲಿಕ್ಕಿಲ್ಲ. ಸುಮಾರು 12,000 ಯಂತ್ರ ಮಾರಿದರೆ ಸಾಕು ಅಂತ ಲೆಕ್ಕ ಹಾಕಿದ್ದರು. ಕೊನೆಗೆ ಮಾರಾಟವಾಗಿದ್ದು 10 ಲಕ್ಷಕ್ಕೂ ಮೀರಿ.

ಚುಕ್ಕಿಗಳಲ್ಲಿ ಬರೆದ ಒಂದು ಗೂಬೆ ಆ ಯೋಜನೆಯ ಗುರುತಾಗಿತ್ತು. ನಮ್ಮಲ್ಲಿ ಗೂಬೆ ಅಂದ್ರೆ ಬೈಗುಳ, ಅವರಲ್ಲಿ ಜಾಣತನದ ಲಕ್ಷಣ. ಇರಲಿ.

ಇಷ್ಟು ಗೆಲ್ಲೋಕೆ ಚಿಪ್ ಕಾರಣವಲ್ಲ. ಅದಕ್ಕಿಂತ ಅಗ್ಗದ ಯಂತ್ರಗಳು ಅಲ್ಲೇ ಸಿಗುತ್ತಿದ್ದವು. ಇದರ ಸುತ್ತ ಕಟ್ಟಿದ ಏರ್ಪಾಡು ದೊಡ್ಡದಿತ್ತು. 1982ರ ಜನವರಿಯಿಂದ ಟಿವಿಯಲ್ಲಿ ಪಾಠ ಬಂತು. ಶಾಲೆಗಳು ಕೊಂಡುಕೊಂಡರೆ ಅರ್ಧ ದುಡ್ಡು ಸರ್ಕಾರ ಕೊಡ್ತಿತ್ತು. ಪೆಟ್ಟಿಗೆಯ ಜೊತೆ ಸುಮಾರು 500 ಪುಟದ, ಮೇಜಿನ ಮೇಲೆ ಬಿಡಿಸಿ ಇಡಬಹುದಾದ ಕೈಪಿಡಿ ಇತ್ತು. ಸ್ವಿಚ್ ಹಾಕಿದ ಕೂಡಲೇ ಒಂದು ‘ಬೀಪ್’, ಪರದೆಯ ಮೇಲೆ ಒಂದು ಬಾಣದ ಗುರುತು, ಅಷ್ಟೇ. ಕ್ಲಿಕ್ ಮಾಡೋಕೆ ಏನೂ ಇಲ್ಲ. ‘ಹೇಳಪ್ಪಾ, ಏನು ಮಾಡಲಿ?’ ಅಂತ ಯಂತ್ರ ಮಗುವನ್ನೇ ಕೇಳುತ್ತಾ ಕೂತಿರುತ್ತಿತ್ತು. ಬರೆದದ್ದು ಅರ್ಥವಾಗದಿದ್ದರೆ ಅದು ಕೊಡುತ್ತಿದ್ದ ಉತ್ತರ ಒಂದೇ ಪದ: ‘ಮಿಸ್ಟೇಕ್’. ಸೀದಾ ಕನ್ನಡದಲ್ಲಿ ಹೇಳೋದಾದರೆ, ತಪ್ಪು. ಇವತ್ತು ಒಂದು ಸೆಮಿಕೋಲನ್ ಮರೆತರೆ ಕಂಪೈಲರ್ ಇಪ್ಪತ್ತು ಸಾಲು ಬೈಯುತ್ತದೆ. ಅದರಲ್ಲಿ ಹತ್ತೊಂಬತ್ತು ನಮಗೆ ಸಂಬಂಧವೇ ಇರಲ್ಲ.

ಆ ಯಂತ್ರದ ಅಡಿಯಲ್ಲಿ ಇನ್ನೊಂದು ಪ್ರೊಸೆಸರ್ ಜೋಡಿಸಲು ‘ಟ್ಯೂಬ್’ ಅನ್ನುವ ದಾರಿ ಬಿಟ್ಟಿದ್ದರು. ವಿಲ್ಸನ್ ಹೊಸ ಪ್ರೊಸೆಸರಿನ ಸೂಚನೆಗಳನ್ನು ಮೊದಲು ಬಿಬಿಸಿ ಬೇಸಿಕ್‌ನಲ್ಲೇ ಬರೆದು ಪರೀಕ್ಷಿಸಿದರು. 1985ರ ಏಪ್ರಿಲ್ 26ರಂದು ಬಂದ ಮೊದಲ ಆರ್ಮ್ ಚಿಪ್ ಓಡಿದ್ದೂ ಬಿಬಿಸಿ ಮೈಕ್ರೋ ಬೆನ್ನಿಗೆ ಕೂತೇ. ಫರ್ಬರ್ ಕರೆಂಟ್ ಅಳೆಯಲು ಹೋದರೆ ಮೀಟರ್ ಸೊನ್ನೆ ತೋರಿಸಿತು. ನೋಡಿದರೆ ಬೋರ್ಡಿನಲ್ಲಿ ಚಿಪ್ಪಿಗೆ ವಿದ್ಯುತ್ತೇ ಕೊಟ್ಟಿರಲಿಲ್ಲ. ಸುತ್ತಲಿನ ಸಿಗ್ನಲ್‌ಗಳಿಂದ ಸೋರಿ ಬಂದಷ್ಟರಲ್ಲೇ ಅದು ಓಡುತ್ತಿತ್ತು! ನಮ್ಮ ಜೇಬಿನ ಫೋನು ಇಡೀ ದಿನ ಬಾಳಿಕೆ ಬರೋದರ ಗುಟ್ಟು ಅಲ್ಲಿದೆ.

ಈಗ ನಮ್ಮ ದೇಶಕ್ಕೆ ಬರೋಣ. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಅನ್ನುವ ಪ್ರಾಯೋಗಿಕ ಯೋಜನೆ ಶುರು ಮಾಡಿತು. ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆ ಮತ್ತು ಅಧ್ಯಯನ ಅಂತ ಅದರ ಅರ್ಥ. ಮೊದಲು 250 ಶಾಲೆ. ಆಮೇಲೆ ಹಿಗ್ಗುತ್ತಾ 2,598 ಶಾಲೆ, ಒಟ್ಟು 12,000 ಬಿಬಿಸಿ ಮೈಕ್ರೋ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನವರು ಇದನ್ನೇ ‘ಯುನಿಕಾರ್ನ್’ ಅಂತ ಹೆಸರಿಟ್ಟು ಇಲ್ಲೇ ಜೋಡಿಸಿದರು. (ಸ್ಟಾರ್ಟಪ್‌ನವರು ಆ ಪದವನ್ನು ಹೊತ್ತೊಯ್ಯುವುದಕ್ಕೆ ಎಷ್ಟೋ ವರ್ಷ ಮುಂಚೆ.) ಭಾಗಾಕಾರ ಮಾಡಿ ನೋಡಿ, ಒಂದು ಶಾಲೆಗೆ ಐದು ಯಂತ್ರವೂ ಬರಲಿಲ್ಲ. 1990ರ ದಶಕದಲ್ಲಿ ಹೊಸ ಯಂತ್ರಗಳು ಬಂದವು, ಬಿಬಿಸಿ ಮೈಕ್ರೋ ಮೂಲೆ ಸೇರಿದವು.

ಬ್ರಿಟನ್ನಿನಲ್ಲಿ ಮಕ್ಕಳ ಮಾತಿನಲ್ಲೇ ಟಿವಿ ಪಾಠ, ಕೈಪಿಡಿ, ಪತ್ರಿಕೆ ಎಲ್ಲ ಇದ್ದವು. ನಮ್ಮಲ್ಲಿಗೆ ಪೆಟ್ಟಿಗೆ ಬಂತು, ಆ ಮಾತು ಬರಲಿಲ್ಲ. ಆದರೂ ಕ್ಲಾಸ್ ಯೋಜನೆಯಲ್ಲಿ ಒಂದು ಒಳ್ಳೆ ವಿಚಾರವಿತ್ತು: ಉನ್ನತ ಶಿಕ್ಷಣ ಸಂಸ್ಥೆಗಳನ್ನು ಸಂಪನ್ಮೂಲ ಕೇಂದ್ರ ಮಾಡಿ, ಸುತ್ತಲಿನ ಶಾಲೆಗಳ ಮಾಸ್ತರರಿಗೆ ಅವರೇ ತರಬೇತಿ ಕೊಡಬೇಕು, ತೊಂದರೆ ಬಂದಾಗ ಅವರೇ ನಿಲ್ಲಬೇಕು. ಅಂದರೆ ಕಾಲೇಜಿಗೂ ಸಾಲಿಗೂ ನಡುವೆ ಒಂದು ಸೇತುವೆ. ಪೆಟ್ಟಿಗೆಗಳು ಹಳತಾಗಿದ್ದಕ್ಕೆ ನಮಗೆ ಬೇಜಾರಿಲ್ಲ. ಆ ಸೇತುವೆ ಹೋಯಿತಲ್ಲ, ಅದಕ್ಕೆ ಬೇಜಾರು.

ಯಾಕೆ ಈಗ ಈ ಮಾತು? ನಮ್ಮ ಕ್ಲಬ್ಬಿನ ಗೆಳೆಯನೊಬ್ಬ ಉಗರಗೋಳದವನು. ಎಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಆ ಊರು ಗೊತ್ತಿರುತ್ತೆ, ಗುಡ್ಡದ ಮಗ್ಗುಲಲ್ಲೇ ಇದೆ. ಕಳೆದ ರಜೆಯಲ್ಲಿ ಅವನ ಜೊತೆ ನಾವು ನಾಲ್ಕು ಜನ ಆ ಸೀಮೆಯ ಒಂದು ಹೈಸ್ಕೂಲಿಗೆ ಹೋಗಿದ್ವಿ, ಹೆಸರು ಬೇಡ. ಕಂಪ್ಯೂಟರ್ ಕೋಣೆ ಇದೆ, ಬೀಗವೂ ಇದೆ. ‘ಹುಡುಗ್ರು ಏನಾರ ಕೆಡಿಸಿದ್ರ ಯಾರ ಹೊಣಿ ಹೇಳ್ರಿ’ ಅಂದರು ಅಲ್ಲಿನ ಸರ್. ಅವರನ್ನು ದೂರೋದು ಸುಲಭ. ಆದರೆ ಕೆಟ್ಟರೆ ರಿಪೇರಿಗೆ ಫೋನ್ ಮಾಡೋಕೆ ಅವರಿಗೆ ಯಾರೂ ಇಲ್ಲ. ಬೀಗ ಹಾಕದೆ ಇನ್ನೇನು ಮಾಡ್ತಾರೆ?

ನಮ್ಮಂಥ ಕಾಲೇಜುಗಳಿಂದ ಇಂಥ ಸಾಲಿಗಳಿಗೆ ಹೋಗೋರಿಲ್ಲ ಅಂತಲ್ಲ. ಹೋಗ್ತಾರೆ. ಬ್ಯಾನರ್ ಕಟ್ಟಿ, ಎಐ ಬಗ್ಗೆ ನಲವತ್ತು ಸ್ಲೈಡ್ ತೋರಿಸಿ, ಪೆನ್ನು ಹಂಚಿ, ಗ್ರೂಪ್ ಫೋಟೋ ಹೊಡೆದು ಸಂಜೆ ಬಸ್ಸಿಗೆ ವಾಪಸ್. ಮಕ್ಕಳ ಬೆರಳು ಒಂದು ಕೀಲಿಯನ್ನೂ ಮುಟ್ಟಿರೋದಿಲ್ಲ.

ನಮ್ಮ ಸಲಹೆ ಬೇರೆ. ಬಿಬಿಸಿ ಮೈಕ್ರೋ ಇವತ್ತು ಬ್ರೌಸರಿನಲ್ಲೇ ಓಡುತ್ತದೆ, ಎಮ್ಯುಲೇಟರ್ ಪುಕ್ಕಟೆ. ಬಿಬಿಸಿ ಬೇಸಿಕ್ ಹಳೇ ಲ್ಯಾಪ್‌ಟಾಪಿಗೂ ಫೋನಿಗೂ ಸಿಗುತ್ತದೆ. ಅದರಲ್ಲಿ ಒಂದು ಆಟ ನಮಗೆ ತುಂಬಾ ಹಿಡಿಸಿತು. ಆ ಯಂತ್ರದಲ್ಲಿ ಒಂದು ಅಕ್ಷರ ಅಂದರೆ 8 ಚುಕ್ಕಿ, 8 ಸಾಲಿನ ರಂಗೋಲಿ. ಒಂದೊಂದು ಸಾಲು ಒಂದು ಸಂಖ್ಯೆ: ಚುಕ್ಕಿಗಳ ಬೆಲೆ ಎಡದಿಂದ 128, 64, 32, 16, 8, 4, 2, 1. ನಡುವಿನ ನಾಲ್ಕು ಚುಕ್ಕಿ ತುಂಬಿದರೆ 32, 16, 8, 4 ಕೂಡಿ 60. ಹೀಗೆ ಎಂಟು ಸಂಖ್ಯೆ ಕೊಟ್ಟರೆ ನಿಮ್ಮದೇ ಅಕ್ಷರ ಪರದೆಗೆ ಬರುತ್ತದೆ. ಬೈನರಿ ಅನ್ನೋ ಪದ ಹೇಳದೇ ಬೈನರಿ ಕಲಿಸಬಹುದು. ಬಾಗಿಲ ಮುಂದೆ ಚುಕ್ಕಿ ಇಡುವ ಎಂಟನೇ ಈಯತ್ತೆ ಹುಡುಗಿಗೆ ಇದು ನಮಗಿಂತ ಬೇಗ ಹತ್ತುತ್ತದೆ.

ನಾವು ಊರ ಹೆಸರುಗಳನ್ನು ಬರೆದು ನೋಡಿದೆವು. ‘ಉಗರಗೋಳ’ದಲ್ಲಿ ಒಂದೂ ಒತ್ತಕ್ಷರ ಇಲ್ಲ, ಒಂದೇ ಸಾಲಿನಲ್ಲಿ ಕೂತುಬಿಟ್ಟಿತು. ‘ಗೋ’ ಮಾತ್ರ ಒಂದೇ ಮನೆಗೆ ಒಪ್ಪಲಿಲ್ಲ, ಪಕ್ಕದ ಮನೆಯನ್ನೂ ಕೇಳಿತು. ‘ಸವದತ್ತಿ’ಗೆ ಬಂದರೆ ತ-ಒತ್ತು ಕೆಳಗೆ ಇಳಿಯಿತು, ಇನ್ನೊಂದು ಸಾಲು ಬೇಕಾಯಿತು. ‘ಎಲ್ಲಮ್ಮ’ನಿಗಂತೂ ಎರಡು ಒತ್ತು. ಪ್ರತಿ ಸಾಲಿಗೆ ಕೆಳಗೊಂದು ಸಾಲು ಬಿಟ್ಟುಕೊಟ್ಟರೆ 32 ಸಾಲಿನ ಪರದೆ 16 ಸಾಲಿಗೆ ಇಳಿಯುತ್ತದೆ. ಅಷ್ಟೇ ಅಲ್ಲ, ನಮ್ಮದೇ ಅಕ್ಷರಗಳಿಗೆ ಯಂತ್ರ ಸುಮ್ಮನೆ ಬಿಟ್ಟುಕೊಡುವ ಜಾಗ 32. ನಮ್ಮ ವರ್ಣಮಾಲೆಯೇ 49. ಇನ್ನಷ್ಟು ಜಾಗ ಬೇಕಂದರೆ ಪ್ರೋಗ್ರಾಮಿನ ಮೆಮೊರಿಯಿಂದ ಕೊಡಬೇಕು. ಕನ್ನಡವನ್ನು ಕಂಪ್ಯೂಟರಿಗೆ ತಂದವರು ಎಂಥ ಇಕ್ಕಟ್ಟಿನಲ್ಲಿ ಕೆಲಸ ಮಾಡಿರಬೇಕು ಅನ್ನೋದು ಯುನಿಕೋಡ್ ಕಾಲದ ನಮಗೆ ಒಂದು ಮಧ್ಯಾಹ್ನದಲ್ಲಿ ತಿಳಿಯಿತು.

‘ಎಲ್ಲರ ಕೈಯಲ್ಲೂ ಫೋನಿರುವಾಗ ನಲವತ್ತು ವರ್ಷದ ಬೇಸಿಕ್ ಯಾಕೆ, ಸೀದಾ ಪೈಥಾನ್ ಕಲಿಸಿ’ ಅನ್ನುವವರು ನಮ್ಮಲ್ಲೇ ಇದ್ದಾರೆ. ಪೈಥಾನೇ ಕಲಿಸಿ, ತಕರಾರಿಲ್ಲ. ಆದರೆ ಫೋನು ತನ್ನೊಳಗನ್ನು ಮಗುವಿಗೆ ತೋರಿಸೋದಿಲ್ಲ. ಬಳಸೋಕೆ ಕಲಿಸುತ್ತೆ, ಹೇಳಿದಂತೆ ಕೇಳೋದಿಲ್ಲ. ಖಾಲಿ ಪರದೆಯ ಮೇಲೆ ತಾನು ಬರೆದ ಎರಡು ಸಾಲಿಗೆ ಯಂತ್ರ ಓಗೊಡೋದನ್ನು ಮಗು ಒಮ್ಮೆ ನೋಡಬೇಕು. ‘ಪ್ರಿಂಟ್’ ಅನ್ನೋದನ್ನು ‘ಮುದ್ರಿಸು’ ಅಂತ ಬದಲಿಸುವ ಚರ್ಚೆಯೂ ಬೇಡ. ಬಸ್ಸು, ಟಿಕೆಟ್ಟು ಕಲಿತವರು ಪ್ರಿಂಟ್ ಕಲೀತಾರೆ. ಕನ್ನಡದಲ್ಲಿ ಬೇಕಿರೋದು ವಿವರಣೆ, ಉದಾಹರಣೆ, ‘ಇಲ್ಲಿ ತಪ್ಪಿದ್ದೀಯ, ಹೀಗೆ ನೋಡು’ ಅನ್ನುವ ಮಾತು.

ಹಾಗಾಗಿ ಕ್ಲಬ್ಬಿನ ಮುಂದಿನ ಸಭೆಯಲ್ಲಿ ಮೂರು ವಿಷಯ ಇಡ್ತಾ ಇದ್ದೀವಿ. ನಲವತ್ತು ಪುಟದ ಕನ್ನಡ ಕೈಪಿಡಿ, ಉತ್ತರ ಕರ್ನಾಟಕದ ಮಾತಿನಲ್ಲಿದ್ದರೂ ಸರಿ. ಒಂದೇ ಸಾಲಿಗೆ ವರ್ಷದಲ್ಲಿ ಆರು ಸಲ ಹೋಗುವವರ ಪಟ್ಟಿ. ಆರು ಸಾಲಿಗೆ ಒಂದೊಂದು ಸಲ ಅಲ್ಲ. ಇನ್ನು ಆ ಸರ್‌ಗೆ ಕೊಡಲು ಒಂದು ಫೋನ್ ನಂಬರ್: ಯಂತ್ರ ಕೆಟ್ಟರೆ ಬಂದು ನೋಡುವ ಹಾರ್ಡ್‌ವೇರ್ ಹುಡುಗರದ್ದು. ಇಸಿ, ಮೆಕ್ಯಾನಿಕಲ್, ಸಿವಿಲ್ ಯಾರೇ ಬನ್ನಿ. ಕೈಪಿಡಿ ಓದಿ ‘ಇದು ನನಗೇ ತಿಳೀಲಿಲ್ಲ’ ಅನ್ನೋರೂ ನಮಗೆ ಬೇಕು.

ಮೊದಲ ಭೇಟಿ ಮಾತ್ರ ಬನದ ಹುಣ್ಣಿಮೆಗೆ ಮುಂಚೆ ಆಗಬೇಕು. ಅಲ್ಲಿಂದ ಭರತ ಹುಣ್ಣಿಮೆ ಮುಗಿಯೋವರೆಗೂ ಗುಡ್ಡದ ಬಸ್ಸಿನಲ್ಲಿ ನಾವೇ ಹತ್ತೋದು ಕಷ್ಟ, ಲ್ಯಾಪ್‌ಟಾಪ್ ಬ್ಯಾಗಿನ ಗತಿ ಕೇಳಲೇಬೇಡಿ.